ಸಮವಸ್ತ್ರದ ಗುಂಡಿಗಳು

ಮಗ ಆಸ್ಪತ್ರೆಯಿಂದ ಮನೆಗೆ ಬಂದ ದಿನದಿಂದ ಅಮ್ಮ ಅಳಿಯನಿಗೆ ಬಡಿಸುವುದನ್ನು ಬಿಟ್ಟಳು. ಉಳಿದವರ ತಟ್ಟೆಗೆಲ್ಲ ಹಾಕಿ, ಪಾತ್ರೆಯನ್ನು ಮೇಜಿನ ನಡುವೆ ಕುಕ್ಕಿ, "ಬೇಕಾದವರು ಹಾಕ್ಕೊಳ್ಳಿ" ಎಂದು ಗೋಡೆಗೆ ಹೇಳಿ ಒಲೆಯ ಕಡೆ ತಿರುಗುತ್ತಿದ್ದಳು. ಅಳಿಯ ತಲೆ ತಗ್ಗಿಸಿ ಹಾಕಿಕೊಳ್ಳುತ್ತಿದ್ದ. ಅಕ್ಕನಿಗೆ ಮಾತ್ರ ತಡೆಯುತ್ತಿರಲಿಲ್ಲ.

"ಅಮ್ಮ, ನನ್ನ ಗಂಡ ಏನು ದಾರೀಲಿ ಹೋಗೋನಾ?"

"ನಾನೇನಂದೆ? ಹಾಕ್ಕೊಳ್ಳಿ ಅಂದೆ. ಅವರಿಗೆ ಎರಡು ಕೈ ನೆಟ್ಟಗಿದಾವಲ್ಲ."

ಆಸ್ಪತ್ರೆಯಿಂದ ಬಂದ ಅಣ್ಣ ಎಡಗೈಯಲ್ಲಿ ಚಮಚ ಹಿಡಿದು ಆಲೂಗಡ್ಡೆಯ ಹೋಳನ್ನು ತಟ್ಟೆಯ ಅಂಚಿನವರೆಗೆ ಅಟ್ಟಿಸಿಕೊಂಡು ಹೋಗುತ್ತಿದ್ದ. ಹೋಳು ಜಾರಿ ಮೇಜಿಗೆ ಬಿದ್ದರೆ ಯಾರೂ ನೋಡದವರಂತೆ ಇರಬೇಕಿತ್ತು. ಎಲ್ಲರಿಗಿಂತ ಚೆನ್ನಾಗಿ ನೋಡದವಳಂತೆ ಇರುತ್ತಿದ್ದವಳು ಕಿರಿಯ ಮಗಳು. ಮಾತು ಕಡಿಮೆಯೆಂದು ಮನೆಯವರೆಲ್ಲ ಅವಳನ್ನು ಮೂಗಿ ಎನ್ನುತ್ತಿದ್ದರು. ಶಾಲೆಯನ್ನು ಅರ್ಧಕ್ಕೆ ಬಿಟ್ಟವಳು ಮುಂದಿನ ಕೋಣೆಯಲ್ಲಿ ಇಸ್ತ್ರಿ ಮೇಜು ಹಾಕಿಕೊಂಡು, ಬೀದಿಯವರ ಬಟ್ಟೆಗೆ ಇಸ್ತ್ರಿ ಮಾಡಿ, ಹರಿದದ್ದು ಹೊಲಿದು, ಸಡಿಲವಾದದ್ದು ಬಿಗಿ ಮಾಡಿ ಕೊಡುತ್ತಿದ್ದಳು. ಅವಳ ಮಾತೆಲ್ಲ ಬಟ್ಟೆಯ ಜೊತೆಗೇ ಮುಗಿದುಹೋಗುತ್ತಿತ್ತು.

ನಡೆದದ್ದು ಹೀಗೆ. ಅಣ್ಣ ಸಿಪಾಯಿ, ಸೈನ್ಯದ ಲಾರಿಗಳನ್ನು ರಿಪೇರಿ ಮಾಡುವ ಡಿಪೋದಲ್ಲಿ ಮೆಕ್ಯಾನಿಕ್. ಅಕ್ಕನ ಗಂಡ ಭಾವನೂ ಅದೇ ಡಿಪೋದಲ್ಲಿ ಫಿಟ್ಟರ್, ಆದರೆ ಸಿಪಾಯಿಯಲ್ಲ, ಹೊರಗಿನಿಂದ ನೇಮಿಸಿಕೊಂಡ ನೌಕರ. ಇಬ್ಬರಿಗೂ ಒಂದೇ ಶೆಡ್ಡು, ಒಂದೇ ಗ್ರೀಸು, ಒಂದೇ ಲಾರಿಯ ಹೊಟ್ಟೆ. ಒಂದು ಬೆಳಿಗ್ಗೆ ಲಾರಿ ಎತ್ತುವ ಲಿಫ್ಟಿನ ಕೊಂಡಿ ಸವೆದಿರುವುದನ್ನು ಭಾವ ಕಂಡ. ಅದಕ್ಕೊಂದು ಕೆಂಪು ಬಟ್ಟೆ ಕಟ್ಟಿ, "ಇದು ಹಿಡಿಯಲ್ಲ ಸರ್, ನಾನು ಕೆಳಗೆ ಹೋಗಲ್ಲ" ಎಂದ. ನೌಕರನಾದವನಿಗೆ ಹಾಗೆ ಹೇಳುವ ಹಕ್ಕನ್ನು ಕಾಯಿದೆ ಕೊಟ್ಟಿತ್ತು. ಹೆದರದೆ ಹೇಳುವುದನ್ನು ಕಲಿಸಿದವನು ಅವನ ಮಾವ, ಈ ಮನೆಯ ಅಪ್ಪ. ಶೆಡ್ಡಿನ ಅಧಿಕಾರಿ ವಾದಕ್ಕೆ ನಿಲ್ಲಲಿಲ್ಲ. ಕೆಂಪು ಬಟ್ಟೆ ಬಿಚ್ಚಿಸಿದ, ಪಕ್ಕದಲ್ಲಿ ನಿಂತಿದ್ದ ಅಣ್ಣನಿಗೆ ಕಣ್ಣಲ್ಲೇ ಸನ್ನೆ ಮಾಡಿದ. ಸಿಪಾಯಿಗೆ ಅದು ಹುಕುಂ. "ಸರಿ ಸರ್" ಎಂದು ಅಣ್ಣ ಕೆಳಗೆ ನುಸುಳಿದ. ಕೊಂಡಿ ಬಿಟ್ಟು ಲಾರಿ ಕುಸಿಯಿತು. ಮೈಯನ್ನು ಪಕ್ಕಕ್ಕೆ ಎಳೆದುಕೊಂಡ. ಬಲಗೈ ಲಾರಿಯಡಿ ಸಿಕ್ಕಿಕೊಂಡಿತು. ಅವನ ಕಾಲು ಹಿಡಿದು ಹೊರಗೆಳೆದವನು ಭಾವ.

ಈಗ ಆ ಕೈಯಲ್ಲಿ ಬೆರಳುಗಳಿದ್ದವು, ಆದರೆ ಅವು ಅವನ ಮಾತು ಕೇಳುತ್ತಿರಲಿಲ್ಲ. ಸೈನ್ಯದ ವೈದ್ಯರು "ಹಗುರ ಕೆಲಸಕ್ಕೆ ಬರುತ್ತದೆ" ಎಂದಿದ್ದರು. ಹಗುರ ಕೆಲಸಕ್ಕೆ ಬರುವ ಕೈಗೆ ಅಂಗವಿಕಲರ ಪಿಂಚಣಿ ಇಲ್ಲ.

ಅಪ್ಪ ಬಟ್ಟೆ ಗಿರಣಿಯಲ್ಲಿ ದುಡಿದು, ಸಂಘ ಕಟ್ಟಿ, ನಿವೃತ್ತನಾದವನು. ಬೀದಿಯವರು ಈಗಲೂ ಅವನನ್ನು ಲೀಡರ್ ಎಂದೇ ಕರೆಯುತ್ತಿದ್ದರು. ಬೀದಿಯ ನಲ್ಲಿಯಲ್ಲಿ ನೀರು ಬಾರದಿದ್ದರೂ ಅವನನ್ನೇ ಕೇಳುತ್ತಿದ್ದರು. ಅವನು ಕೈ ಕಟ್ಟಿ ಕೂರುವವನಲ್ಲ.

"ಕೆಲಸದ ಜಾಗದಲ್ಲಿ ಪೆಟ್ಟಾಗಿದೆ. ಯಜಮಾನ ಕೊಡಬೇಕು. ಇದರಲ್ಲಿ ಯೋಚನೆ ಮಾಡೋದೇನಿದೆ?" ಎಂದು ಅಣ್ಣನನ್ನು ಹೊರಡಿಸಿದ. ಅಣ್ಣನ ಚೀಲ ಹಿಡಿಯಲು ಮೂಗಿಯೂ ಹೊರಟಳು.

ಕಾರ್ಮಿಕ ಕಚೇರಿಯ ಅಧಿಕಾರಿ ಕನ್ನಡಕದ ಹೆಂಗಸು. ಪೂರ್ತಿ ಕೇಳಿದಳು, ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ, "ನಿಮ್ಮ ಮಗ ನೌಕರ ಅಲ್ಲ" ಎಂದಳು.

"ಮತ್ತೇನು, ಅಲ್ಲಿ ನೆಂಟನಾ ಅವನು?" ಎಂದ ಅಪ್ಪ. "ತಿಂಗಳಾದ್ರೆ ಸಂಬಳ ತಗೋತಾನೆ. ತಡ ಆದ್ರೆ ಬೈಸ್ಕೋತಾನೆ. ರಜೆ ಬೇಕಂದ್ರೆ ಕಾಲು ಹಿಡೀತಾನೆ. ಇಷ್ಟೆಲ್ಲ ಮಾಡೋನನ್ನ ನೌಕರ ಅನ್ನದೆ ಏನಂತಾರೆ ತಾಯಿ?"

"ಇದು ನನ್ನ ಮಾತಲ್ಲ ಯಜಮಾನರೇ. ನೌಕರ ಅಂದ್ರೆ ಯಾರು ಅಂತ ಕಾಯಿದೇಲಿ ಹೇಳಿದ್ದಾರೆ. ಕೊನೇಲಿ, ಸೈನ್ಯದಲ್ಲಿರೋರನ್ನ ಬಿಟ್ಟು, ಅಂತ ಸೇರಿಸಿದ್ದಾರೆ."

"ಮೇಲಿಂದ ಬೀಳೋ ಲಾರಿಗೆ ಗೊತ್ತಾಗುತ್ತಾ, ಕೆಳಗಿರೋನು ನೌಕರನೋ ಸಿಪಾಯಿನೋ ಅಂತ?"

ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಆ ಲಿಫ್ಟಿನ ಕೆಳಗೆ ನಿಮ್ಮ ಅಳಿಯ ಇದ್ದಿದ್ರೆ ನಾನು ಇವತ್ತೇ ಡಿಪೋಗೆ ಹೋಗಿ ಬೀಗ ಹಾಕಿಸ್ತಿದ್ದೆ."

ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತ. ಅಣ್ಣನಿಗೆ ಒಳಗೊಳಗೇ ಸಮಾಧಾನವಾದಂತಿತ್ತು.

"ನಾನು ಮೊದಲೇ ಅಂದಿದ್ದೆ ಅಪ್ಪ. ನಾವು ಕೂಲಿಯವರಲ್ಲ."

"ಹೌದಪ್ಪ. ಕೂಲಿಯವನಿಗೆ ಇರೋದೂ ನಿನಗಿಲ್ಲ."

ಮನೆಯಲ್ಲಿ ದಿನಗಳು ಬಿಗಿಯಾದವು. ಕೈಯ ವಿಷಯದಲ್ಲಿ ಡಿಪೋದವರ ವಿಚಾರಣೆ ಮುಗಿಯುವ ತನಕ ಅಣ್ಣನ ಸಂಬಳ ನಿಂತಿತ್ತು. ಭಾವ ಸಂಜೆ ಬರುವಾಗ ಚೀಲದಲ್ಲಿ ಮೊಟ್ಟೆಯೋ ಹಾಲೋ ತಂದು ಯಾರಿಗೂ ಹೇಳದೆ ಅಡುಗೆಮನೆಯಲ್ಲಿ ಇಡುತ್ತಿದ್ದ. ಅಮ್ಮ ಯಾರು ತಂದರೆಂದು ಕೇಳದೆ ಬೇಯಿಸುತ್ತಿದ್ದಳು. ಅದೇ ಮೊಟ್ಟೆಯನ್ನು ಸುಲಿದು, ಹೋಳು ಮಾಡಿ, ಅಣ್ಣನ ತಟ್ಟೆಗೆ ಹಾಕುತ್ತಿದ್ದಳು.

ಊಟಕ್ಕಿಂತ ಕಷ್ಟದ್ದು ಬಟ್ಟೆ. ಬೆಳಿಗ್ಗೆ ಅಮ್ಮ ಅವನ ಅಂಗಿಯ ಗುಂಡಿ ಹಾಕಲು ಬಂದರೆ ಅಣ್ಣ ಗದ್ದ ಎತ್ತಿ ಸೂರು ನೋಡುತ್ತಿದ್ದ. ಒಂದು ದಿನ, "ಬೇಡ ಹೋಗಮ್ಮ, ನಾನೇ ಹಾಕ್ಕೋತೀನಿ" ಎಂದು ಬಾಗಿಲು ಮುಂದೆ ಮಾಡಿಕೊಂಡ. ಬಹಳ ಹೊತ್ತಿನ ಮೇಲೆ ಒಳಗೆ ಸ್ಟೂಲು ಉರುಳಿದ ಸದ್ದಾಯಿತು. ಹೊರಗೆ ಬಂದಾಗ ಅಂಗಿಯ ಎದೆ ತೆರೆದೇ ಇತ್ತು.

"ಸೆಕೆ" ಎಂದ.

"ಹೌದು, ತುಂಬಾ ಸೆಕೆ" ಎಂದು ಅಮ್ಮ ಹೂಂಗುಟ್ಟಿದಳು. ಹೊರಗೆ ಜನ ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದರು.

ಮೂಗಿ ಆ ಮಧ್ಯಾಹ್ನ ಅವನ ಅಂಗಿಯನ್ನು ಇಸ್ತ್ರಿ ಮೇಜಿಗೆ ತಂದಳು. ಗುಂಡಿ ತೂರಿಸುವ ಕಾಜಾಗಳ ತುದಿಯನ್ನು ಬ್ಲೇಡಿನಿಂದ ಒಂದಿಷ್ಟು ಸೀಳಿ, ಅದೇ ಬಣ್ಣದ ನೂಲಿನಿಂದ ಸುತ್ತ ಹೊಲಿದಳು. ಗುಂಡಿಗಳನ್ನು ಕಿತ್ತು, ಬೆರಳಿಗೆ ಸಿಗುವ ಹಾಗೆ ನೂಲು ಸಡಿಲ ಬಿಟ್ಟು ಮತ್ತೆ ಹಚ್ಚಿದಳು. ಕಣ್ಣಿಟ್ಟು ನೋಡಿದರೂ ತಿಳಿಯುವಂತಿರಲಿಲ್ಲ. ಮಾರನೆಯ ಬೆಳಿಗ್ಗೆ ಅಣ್ಣ ಎಲ್ಲ ಗುಂಡಿ ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ಮದುಮಗನ ಹಾಗೆ ನಿಂತ.

"ನೋಡೇ ಮೂಗಿ. ಕೈ ದಾರಿಗೆ ಬರ್ತಿದೆ."

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಮೂಗಿ ಹೂಂ ಎಂದಳು. ಮುಂದಿನ ದಿನಗಳಲ್ಲಿ ಅವನ ಅಂಗಿಗಳನ್ನೆಲ್ಲ ಒಂದೊಂದಾಗಿ ಹಾಗೇ ಮಾಡಿಟ್ಟಳು. ಆಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಅಪ್ಪ ಈ ನಡುವೆ ಹಳೆಯ ಸಂಘದವರನ್ನೆಲ್ಲ ಸೇರಿಸಿದ್ದ. ಸಿಪಾಯಿಯೂ ದುಡಿಯುವವನೇ ಎಂದು ಕಾರ್ಮಿಕ ಕಚೇರಿಯ ಗೇಟಿನ ಮುಂದೆ ಧರಣಿ ಕೂರುವುದೆಂದು ತೀರ್ಮಾನವಾಯಿತು.

"ಯೂನಿಫಾರ್ಮ್ ಹಾಕ್ಕೊಂಡು ಬಾ ಮಗ. ಬರೀ ಅಂಗೀಲಿ ಕೂತ್ರೆ ಯಾರೋ ಕೈ ಮುರ್ಕೊಂಡೋನು ಅಂತಾರೆ. ಜನ ನೋಡ್ಲಿ, ಸಿಪಾಯಿ ಅಂತ."

ಭಾವ ಚಹಾದ ಲೋಟ ಕೆಳಗಿಟ್ಟ. "ಮಾವ, ಯೂನಿಫಾರ್ಮ್ ಬೇಡ. ಅವರಿಗೆ ಸಂಘ ಅಂದ್ರೇ ಆಗಲ್ಲ. ಅದರಲ್ಲೂ ಯೂನಿಫಾರ್ಮ್ ಹಾಕ್ಕೊಂಡು ಹೋದ್ರೆ ದೊಡ್ಡ ತಪ್ಪಾಗುತ್ತೆ."

"ನಿಮಗೆ ಬುದ್ಧಿ ಜಾಸ್ತಿ" ಎಂದಳು ಅಮ್ಮ, ಇಷ್ಟು ದಿನದಲ್ಲಿ ಮೊದಲ ಸಲ ಅಳಿಯನ ಮುಖ ನೋಡಿ. "ಅದಕ್ಕೇ ನೀವು ಹೊರಗೆ ನಿಂತ್ರಿ, ನನ್ನ ಮಗ ಒಳಗೆ ಹೋದ."

ಭಾವ ಲೋಟ ಎತ್ತಿಕೊಂಡು ಹೋಗಿ ತೊಳೆದಿಟ್ಟ. ಆ ವಿಷಯ ಅಣ್ಣನಿಗೂ ತಿಳಿದಿತ್ತು, ಆದರೆ ಅಪ್ಪನ ಮಾತು ಅವನಿಗೆ ಇನ್ನೊಂದು ಹುಕುಂ. ಭಾವನ ಮಾತು ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಧರಣಿಯ ದಿನ ಮೂಗಿ ಸಮವಸ್ತ್ರಕ್ಕೆ ಗಂಜಿ ಹಾಕಿ, ಮಡಿಕೆಯ ಗೆರೆ ಎದ್ದು ಕಾಣುವಂತೆ ಇಸ್ತ್ರಿ ಮಾಡಿದಳು. ಅದರ ಕಾಜಾ ಮುಟ್ಟಿರಲಿಲ್ಲ. ಅಣ್ಣ ಸ್ವಲ್ಪ ಹೊತ್ತು ಒದ್ದಾಡಿ, ಸೋತು, ಅವಳ ಮುಂದೆ ಎದೆಯೊಡ್ಡಿ ನಿಂತ.

"ಮನೆ ಅಂಗಿ ಆಗುತ್ತೆ. ಇದು ಆಗ್ತಿಲ್ಲ" ಎಂದ ಮೆಲ್ಲಗೆ. "ಹಾಕೇ. ಅಪ್ಪನಿಗೆ ಹೇಳಬೇಡ."

ಅವಳು ಒಂದೊಂದೇ ಗುಂಡಿ ಹಾಕಿದಳು. ಅವನ ಮುಖ ನೋಡಲಿಲ್ಲ. ಧರಣಿಯಿಂದ ಬಂದ ಮೇಲೆ, ಆ ವಾರ, ಸಮವಸ್ತ್ರದ ಕಾಜಾಗಳನ್ನೂ ಸೀಳಿ ಹೊಲಿದಿಟ್ಟಳು. ಮುಂದೆ ಎಂದಾದರೂ ಅದನ್ನು ಹಾಕಿಕೊಳ್ಳುವಾಗ ಅವನು ಮತ್ತೊಮ್ಮೆ ಹಾಗೆ ನಿಲ್ಲದಿರಲಿ ಎಂದು.

ಆಮೇಲೆ ಡಿಪೋದಿಂದ ಕರೆ ಬಂತು. ಸಮವಸ್ತ್ರದಲ್ಲಿ ಸಂಘದ ಧರಣಿಗೆ ಕೂತದ್ದು ಶಿಸ್ತಿನ ಉಲ್ಲಂಘನೆ. ಕೈಯ ವಿಷಯ, ಧರಣಿಯ ವಿಷಯ, ಎರಡೂ ಒಂದೇ ದಿನ ತೀರ್ಮಾನ. ಸಮವಸ್ತ್ರದಲ್ಲೇ ಹಾಜರಾಗಬೇಕು. ಮನೆಯವರಲ್ಲಿ ಒಬ್ಬರು ಜೊತೆಗೆ ಬರಬಹುದು; ಸಂಘದವರು ಬರುವಂತಿಲ್ಲ. ತಪ್ಪು ಸಾಬೀತಾದರೆ ಕೆಲಸವೂ ಇಲ್ಲ, ಪಿಂಚಣಿಯೂ ಇಲ್ಲ.

ಅಪ್ಪ ಒಂದು ದಿನ ಊಟ ಮಾಡಲಿಲ್ಲ. ಮೂವತ್ತು ವರ್ಷ ಸಾವಿರ ಜನರ ಮನೆ ಉಳಿಸಿದ ಉಪಾಯ ತನ್ನ ಮನೆಯನ್ನೇ ಕೆಡವಿತೆಂದು ಅವನಿಗೆ ನಂಬಲಾಗಲಿಲ್ಲ. ಎರಡನೆಯ ದಿನ ಮತ್ತೆ ಲೀಡರ್ ಆಗಿ ಎದ್ದು ಕೂತ.

"ಕೇಳಿಲ್ಲಿ. ಯೂನಿಫಾರ್ಮ್ ಯಾರು ಹಾಕಿದ್ದು ಅಂತಾರೆ. ಅಪ್ಪ ಹಾಕಿಸಿದ್ದು, ನನ್ನ ಕೈಲಿ ಗುಂಡಿ ಹಾಕಕ್ಕೆ ಆಗಲ್ಲ ಅನ್ನು. ತಪ್ಪು ನನ್ನದಾಗುತ್ತೆ. ನಾನು ಅವರ ಸಿಪಾಯಿ ಅಲ್ಲ, ನನ್ನನ್ನೇನು ಮಾಡ್ತಾರೆ? ಗುಂಡಿ ಹಾಕಕ್ಕೂ ಆಗದ ಕೈ ಯಾವ ಹಗುರ ಕೆಲಸಕ್ಕೆ ಬರುತ್ತೆ? ಪಿಂಚಣಿ ಕೊಡಲೇಬೇಕು. ಎರಡಕ್ಕೂ ಒಂದೇ ಮಾತು ಸಾಕು. ಆಗಲ್ಲ. ಎಲ್ಲಿ, ಅನ್ನು."

ಅಣ್ಣ ತಟ್ಟೆ ನೋಡುತ್ತ ಕೂತಿದ್ದ.

"ಬಾಯಿ ಬಿಡೋ."

"ಆವತ್ತು ನೋಡ್ಕೋತೀನಿ ಬಿಡಪ್ಪ."

"ಅವನಿಗೆ ಅಭ್ಯಾಸ ಇಲ್ಲ ಮಾವ" ಎಂದ ಭಾವ. "ಸೈನ್ಯದಲ್ಲಿ ಆ ಮಾತು ಹೇಳಿಕೊಡಲ್ಲ."

ದಿನಾ ಊಟದ ಹೊತ್ತಿಗೆ ಅಪ್ಪ ಪಾಠ ಒಪ್ಪಿಸಿಕೊಳ್ಳುವ ಮೇಷ್ಟ್ರ ಹಾಗೆ ಕೇಳುತ್ತಿದ್ದ. ಅಣ್ಣ ಹೂಂ ಎನ್ನುತ್ತಿದ್ದ, ತಲೆ ಆಡಿಸುತ್ತಿದ್ದ, ನೀರು ಕುಡಿಯುತ್ತಿದ್ದ. ಆ ಒಂದು ಮಾತು ಮಾತ್ರ ಹೊರಡುತ್ತಿರಲಿಲ್ಲ. ಮೂಗಿ ತಟ್ಟೆಗಳನ್ನು ಎತ್ತುತ್ತ ಒಳಗೊಳಗೇ ತೂಗಿ ನೋಡುತ್ತಿದ್ದಳು. ಕಾಜಾದ ವಿಷಯ ಹೇಳಿದರೆ, ಕೈ ದಾರಿಗೆ ಬರುತ್ತಿದೆ ಎಂದುಕೊಂಡವನ ಬೆಳಗುಗಳನ್ನು ಕಿತ್ತುಕೊಂಡಂತೆ. ಹೇಳದಿದ್ದರೆ ಏನಾದೀತು? ಬಾಯಲ್ಲಿ ಹೇಳುವುದು ತಾನೆ, ಯಾರು ಗುಂಡಿ ಹಾಕಿಸಿ ನೋಡುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ವಿಚಾರಣೆಯ ಬೆಳಿಗ್ಗೆ ಅಪ್ಪ ಅಣ್ಣನಿಗೆ ಗುಂಡಿ ಮುಟ್ಟಲೂ ಬಿಡಲಿಲ್ಲ. "ಅಮ್ಮ ಹಾಕ್ಲಿ. ಆಗ ನೀನು ಹೇಳೋದು ಸುಳ್ಳಾಗಲ್ಲ." ಅಮ್ಮನ ಕಣ್ಣು ಮಗನ ಮುಖದ ಮೇಲಿತ್ತು, ಗುಂಡಿಗಳು ಎಷ್ಟು ಸುಲಭವಾಗಿ ಕೂತವೆಂದು ಅವಳ ಗಮನಕ್ಕೆ ಬರಲಿಲ್ಲ.

ಡಿಪೋದ ಆ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಹಿಂದೆ ಮೂವರು ಅಧಿಕಾರಿಗಳು. ಅಪ್ಪ ಸಂಘದವನಾದ್ದರಿಂದ ಜೊತೆಗೆ ಬಂದವಳು ಮೂಗಿ; ಬಾಗಿಲ ಪಕ್ಕದ ಬೆಂಚಿನಲ್ಲಿ ಮೈ ಹಿಡಿ ಮಾಡಿ ಕೂತಳು. ನಡುವಿನ ಅಧಿಕಾರಿ ವಯಸ್ಸಾದವನು, ದನಿ ಗಡುಸಾಗಿರಲಿಲ್ಲ.

"ಧರಣಿಗೆ ಹೋದಾಗ ಯೂನಿಫಾರ್ಮ್ ನೀನೇ ಹಾಕಿಕೊಂಡೆಯಾ?"

"ನಮ್ಮ ಅಪ್ಪ ಹೇಳಿದ್ರು ಸರ್. ತಂಗಿ ಗುಂಡಿ ಹಾಕಿದ್ಲು."

"ನಿನಗೆ ಹಾಕಕ್ಕೆ ಆಗಲ್ವಾ?"

ಅಣ್ಣ ನೆಟ್ಟಗೆ ನಿಂತಿದ್ದ. ಮಾತು ಬರಲಿಲ್ಲ. ಮೂಗಿ ಬೆಂಚಿನ ಅಂಚನ್ನು ಹಿಡಿದುಕೊಂಡಳು. ಅನ್ನು ಅಣ್ಣ, ಅಂದುಬಿಡು.

ಅಧಿಕಾರಿ ಮುಂದಿದ್ದ ಕಾಗದವನ್ನು ಬದಿಗೆ ಸರಿಸಿದ. ಆಮೇಲೆ, "ಅವನ ಮೇಲಿನ ಎರಡು ಗುಂಡಿ ಬಿಚ್ಚು" ಎಂದು ಪಕ್ಕದ ಸಿಪಾಯಿಗೆ ಹೇಳಿದ. ಬಿಚ್ಚಿದ ಮೇಲೆ ಅಣ್ಣನ ಕಡೆ ತಿರುಗಿ, "ಹಾಕು" ಎಂದ.

"ಸರಿ ಸರ್."

ಬಲಗೈ ಮೇಲೆದ್ದಿತು. ಎಡಗೈ ಬಟ್ಟೆಯ ಅಂಚನ್ನು ಹಿಡಿಯಿತು. ಬಗ್ಗದ ಬೆರಳುಗಳು ಗುಂಡಿಯನ್ನು ಹುಡುಕಿದವು, ಜಾರಿದವು, ಮತ್ತೆ ಹುಡುಕಿದವು. ಅವನ ಹಣೆ ಬೆವೆತು ಹುಬ್ಬಿನ ಮೇಲೆ ಹನಿಯಿತು. ಯಾರೂ ಅವಸರ ಮಾಡಲಿಲ್ಲ. ಮೊದಲ ಗುಂಡಿ ಕಾಜಾದೊಳಗೆ ಹೊಕ್ಕಿತು. ಅಣ್ಣ ಬೆಚ್ಚಿದವನಂತೆ ಕೆಳಗೆ ನೋಡಿದ. ಎರಡನೆಯದೂ ಹೊಕ್ಕಿತು. ಅವನ ಮುಖ ಅರಳಿತು; ತಿರುಗಿ ತಂಗಿಯ ಕಡೆ ನೋಡಿ ಸಣ್ಣಗೆ ನಕ್ಕ. ತಾನು ಎಲ್ಲಿ ನಿಂತಿದ್ದೇನೆಂಬುದು ಆ ಒಂದು ಗಳಿಗೆ ಅವನಿಗೆ ಮರೆತೇಹೋಗಿತ್ತು.

ಮೇಜಿನ ತುದಿಯವನು ಬರೆದುಕೊಳ್ಳತೊಡಗಿದ. ಕೈ ಹಗುರ ಕೆಲಸಕ್ಕೆ ಯೋಗ್ಯ. ಸಮವಸ್ತ್ರವನ್ನು ತಾನೇ ಧರಿಸಲು ಶಕ್ತ.

ಮೂಗಿ ಎದ್ದು ನಿಂತಳು. "ಸರ್" ಎಂದಳು. ಅದು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. ಬಾಗಿಲ ಸಿಪಾಯಿ ಕೂರು ಎಂದು ಕೈ ಮಾಡಿದ. ಅವಳು ಕೂತಳು.

ತೀರ್ಮಾನವನ್ನು ಮಧ್ಯಾಹ್ನವೇ ಓದಿ ಹೇಳಿದರು. ತಪ್ಪು ಅವನದೇ; ಕೆಲಸವಿಲ್ಲ, ಪಿಂಚಣಿಯಿಲ್ಲ. ಸಮವಸ್ತ್ರ ನಾಳೆ ಒಪ್ಪಿಸಬೇಕು.

ಮನೆಗೆ ಬಂದಾಗ ಅಮ್ಮ ಮೇಜಿನ ಮೇಲೆ ತಟ್ಟೆ ಹರಡಿ ಕಾಯುತ್ತಿದ್ದಳು. ಯಾರೂ ಊಟ ಮಾಡಿರಲಿಲ್ಲ. ಅಣ್ಣ ಸಮವಸ್ತ್ರದಲ್ಲೇ ಕೂತು ಎಲ್ಲವನ್ನೂ ಹೇಳಿದ, ಬೇರೆ ಯಾರದೋ ಸುದ್ದಿ ಹೇಳುವವನ ಹಾಗೆ.

"ಆಗಲ್ಲ ಅನ್ನಲಿಲ್ವಾ?" ಎಂದ ಅಪ್ಪ.

"ಹಾಕು ಅಂದ್ರು. ಹಾಕಿದೆ."

"ಒಂದು ಮಾತು ಕಣೋ. ದಿನಾ ಬಾಯಿಪಾಠ ಮಾಡಿಸಿದ್ದೆನಲ್ಲೋ."

"ಸುಮ್ಮನೆ ಆಗಲ್ಲ ಅಂದು ನಿಂತಿದ್ರೆ ಆಗ್ತಿತ್ತಲ್ಲೋ" ಎಂದ ಭಾವ.

ಅಣ್ಣ ಖಾಲಿ ತಟ್ಟೆಯನ್ನು ಮುಂದಕ್ಕೆ ತಳ್ಳಿದ. "ನಿಮಗೇನು ಭಾವ, ಅಂದು ಅಭ್ಯಾಸ. ಆವತ್ತೂ ಅಂದ್ರಿ. ನೀವು ಅಂದಿದ್ದಕ್ಕೇ ಅಲ್ವಾ, ನಾನು ಕೆಳಗೆ ಹೋಗಿದ್ದು."

ಇಷ್ಟು ವಾರ ಅಮ್ಮ ಗೋಡೆಗೆ ಹೇಳಿದ್ದನ್ನು ಅಣ್ಣ ಮುಖಕ್ಕೇ ಹೇಳಿದ್ದ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಭಾವ ಎದ್ದು ಹೋಗಲಿಲ್ಲ.

"ಹೌದು" ಎಂದ. "ಲಾರಿ ಎಳೆದುಕೊಂಡಿದ್ದು ನಿನ್ನ ಕೈ. ಆದ್ರೆ ಅದನ್ನ ಹೊತ್ತು ದಿನಾ ಬೆಳಿಗ್ಗೆ ಆ ಶೆಡ್ಡಿಗೆ ಕಾಲಿಡೋನು ನಾನು."

"ಯಾರೂ ಜಗಳ ಆಡಬೇಡಿ" ಎಂದಳು ಮೂಗಿ. ಎಲ್ಲರೂ ತಿರುಗಿ ನೋಡಿದರು. ಅವಳ ಕಣ್ಣು ಮೇಜಿನ ಮೇಲಿತ್ತು. "ಕಾಜಾ ನಾನು ದೊಡ್ಡದು ಮಾಡಿದ್ದೆ. ಅಣ್ಣನಿಗೆ ಸುಲಭ ಆಗ್ಲಿ ಅಂತ."

ಅಣ್ಣ ಬಗ್ಗಿ ತನ್ನ ಎದೆಯ ಗುಂಡಿಗಳನ್ನು ನೋಡಿಕೊಂಡ.

"ಯೂನಿಫಾರ್ಮಿನದ್ದಾ?"

"ಹೂಂ."

"ಮನೆ ಅಂಗಿಗಳದ್ದೂ?"

ಅವಳು ತಲೆ ಆಡಿಸಿದಳು. ಅಣ್ಣ ಪಕ್ಕದಲ್ಲಿ ಕೂತಿದ್ದ ಅಪ್ಪನ ಕಡೆ ತಿರುಗಿದ. ಅಪ್ಪನ ಅಂಗಿಯ ಎದೆಯ ಗುಂಡಿಯನ್ನು ಎಡಗೈಯಿಂದ ಬಿಚ್ಚಿ, ಎರಡೂ ಕೈ ಸೇರಿಸಿ ಮತ್ತೆ ಹಾಕಲು ನೋಡಿದ. ಅಪ್ಪ ಉಸಿರು ಬಿಗಿಹಿಡಿದು, ಅಳತೆ ಕೊಡುವವನ ಹಾಗೆ ಅಲುಗಾಡದೆ ಕೂತ. ಗುಂಡಿ ಜಾರಿತು. ಮತ್ತೆ ಜಾರಿತು. ಆಮೇಲೆ ಅಣ್ಣ ಕೈಯನ್ನು ತೊಡೆಯ ಮೇಲಿಟ್ಟುಕೊಂಡ.

ಅಪ್ಪನ ಕಣ್ಣಲ್ಲಿ ಹಳೆಯ ಬೆಂಕಿ ಹತ್ತಿಕೊಂಡಿತು. "ಹಾಗಾದ್ರೆ ಇನ್ನೂ ದಾರಿ ಇದೆ. ಅವರು ನೋಡಿದ್ದು ಕೈಯಲ್ಲ, ಕಾಜಾ. ನಾಳೆನೇ ಹೋಗೋಣ. ಮೂಗಿ ಬಂದು ಹೇಳ್ಲಿ. ಬೇರೆ ಅಂಗಿ ಹಾಕಿ ತೋರಿಸೋಣ. ಇನ್ನೊಂದು ಸಲ ಅವರ ಮುಂದೆ ನಿಲ್ಲು ಮಗ, ಅಷ್ಟೇ. ಏಳು."

"ಆಗಲ್ಲ" ಎಂದ ಅಣ್ಣ.

"ಏನಂದೆ?"

"ಆಗಲ್ಲ ಅಪ್ಪ."

ಅಪ್ಪನ ಅಂಗಿಯ ಎದೆ ತೆರೆದಿತ್ತು. ಮುಚ್ಚಿಕೊಳ್ಳಲು ಕೈ ಬರಲಿಲ್ಲ. ಅಮ್ಮ ಎದ್ದು ಪಾತ್ರೆ ತಂದಳು. ಮೊದಲು ಅಳಿಯನ ತಟ್ಟೆಗೆ ಹಾಕಿದಳು, ಆಮೇಲೆ ಉಳಿದವರಿಗೆ. ಏನು ಮಾಡುತ್ತಿದ್ದೇನೆಂದು ಅವಳಿಗೂ ತಿಳಿದಂತಿರಲಿಲ್ಲ.

ಅಣ್ಣ ಕುರ್ಚಿಯನ್ನು ತಂಗಿಯ ಕಡೆ ಸರಿಸಿ, ಗದ್ದ ಎತ್ತಿ ಸೂರು ನೋಡಿದ.

"ಬಿಚ್ಚೇ ಇದನ್ನ. ನಾಳೆ ವಾಪಸ್ ಕೊಡಬೇಕು."

ಮೂಗಿ ಕೈ ಚಾಚಿದಳು. ಕಾಜಾಗಳು ದೊಡ್ಡವಾಗಿದ್ದವು. ಎಳೆಯಬೇಕಾಗಲಿಲ್ಲ; ಮುಟ್ಟಿದರೆ ಸಾಕು, ಗುಂಡಿಗಳು ಒಂದೊಂದಾಗಿ ಕಳಚಿಕೊಂಡವು.